ಕೋರ್ಟಿನಲ್ಲಿ ಗೆದ್ದ ಚಿತ್ರಕ್ಕೆ ಟಾಕೀಸು ಯಾಕೆ ಸಿಗುವುದಿಲ್ಲ?

2025ರ ಜೂನ್ 19ರಂದು ಸುಪ್ರೀಂ ಕೋರ್ಟಿನಲ್ಲಿ ಕಮಲ್ ಹಾಸನ್ ನಟಿಸಿದ ತಮಿಳು ಚಿತ್ರ ‘ಥಗ್ ಲೈಫ್’ ಗೆದ್ದಿತು. ಚಿತ್ರವನ್ನು ತಾನು ನಿಷೇಧಿಸಿಲ್ಲ, ಬಿಡುಗಡೆ ಮಾಡುವುದಾದರೆ ರಕ್ಷಣೆ ಕೊಡುತ್ತೇನೆ ಎಂದು ಕರ್ನಾಟಕ ಸರ್ಕಾರ ಬರೆದುಕೊಟ್ಟಿತು. ಅದನ್ನು ದಾಖಲಿಸಿಕೊಂಡು ನ್ಯಾಯಪೀಠ ಪ್ರಕರಣ ಮುಗಿಸಿತು. ಆದರೂ ನಮ್ಮ ಚಿತ್ರಮಂದಿರಗಳಲ್ಲಿ ಆ ಚಿತ್ರ ತೆರೆ ಕಾಣಲಿಲ್ಲ. ಬೇರೆ ರಾಜ್ಯಗಳಲ್ಲಿ ಜೂನ್ 5ಕ್ಕೇ ಬಂದಿದ್ದ ಚಿತ್ರ ಅಷ್ಟರಲ್ಲಿ ನೆಲಕಚ್ಚಿತ್ತು. ಕೈಸುಟ್ಟುಕೊಳ್ಳುವುದು ಖಾತ್ರಿಯಾದ ಮೇಲೆ ಇಲ್ಲಿನ ಹಂಚಿಕೆದಾರರಿಗೆ ಅದನ್ನು ಹಾಕುವ ಉಮೇದು ಉಳಿದಿರಲಿಲ್ಲ.

ವಿವಾದಿತ ಚಿತ್ರಗಳ ಮಾತು ಬಂದಾಗ ಒಬ್ಬರು ಸೆನ್ಸಾರ್ ಮಂಡಳಿಯನ್ನು ಬೈಯುತ್ತಾರೆ, ಇನ್ನೊಬ್ಬರು ಚಿತ್ರ ಮಾಡಿದವರನ್ನು ಬೈಯುತ್ತಾರೆ. ಹಳೆಯ ಹೊಸ ಪ್ರಕರಣಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಎದ್ದು ಕಾಣುವುದು ಬೇರೆ ಸಂಗತಿ. ಈ ವಿಷಯದಲ್ಲಿ ನಮ್ಮ ಕಾನೂನು ಸಾಕಷ್ಟು ಸ್ಪಷ್ಟವಾಗಿದೆ. ಸುಪ್ರೀಂ ಕೋರ್ಟ್ 1989ರಿಂದ ಈಚೆಗೆ ಮತ್ತೆ ಮತ್ತೆ ಚಿತ್ರದ ಪರವಾಗಿ ತೀರ್ಪು ಕೊಟ್ಟಿದೆ. ಹಾಗಿದ್ದೂ ಚಿತ್ರಗಳು ಪ್ರೇಕ್ಷಕನನ್ನು ತಲುಪುವುದಿಲ್ಲ, ಅಥವಾ ಕೈಕಾಲು ಕಳೆದುಕೊಂಡು ತಲುಪುತ್ತವೆ. ಅವು ಬೀಳುವ ಜಾಗ ಟಾಕೀಸಿನ ಗೇಟು. ಹೊತ್ತು, ಗುರುವಾರ ರಾತ್ರಿಯಿಂದ ಶುಕ್ರವಾರ ಬೆಳಗಿನ ಆಟದ ನಡುವೆ.

ಆ ಹೊತ್ತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಾಲ್ಲೂಕು ಊರಿನ ಒಂದು ಒಂಟಿ ಪರದೆಯ ಟಾಕೀಸು ಅಂದುಕೊಳ್ಳಿ. ಮುಂದಿನ ಗೋಡೆಗೆ ಮೈದಾ ಅಂಟು ಬಳಿದು ವಾಲ್‌ಪೋಸ್ಟರ್ ಹಚ್ಚಿ ಆಗಿದೆ, ಅಂಟು ಇನ್ನೂ ಒಣಗಿಲ್ಲ. ಚಿತ್ರ ಪ್ರೊಜೆಕ್ಟರ್ ರೂಮಿಗೆ ಬಂದು ಕೂತಿದೆ, ಅದನ್ನು ತೆರೆಯುವ ಡಿಜಿಟಲ್ ಕೀಲಿ ರಾತ್ರಿ ಬರಬೇಕು. ಆಗ ಮಾಲೀಕರಿಗೆ ಒಂದು ಫೋನು ಬರುತ್ತದೆ: ‘ನಾಳೆ ಆ ಪಿಚ್ಚರ್ ಹಾಕ್ತೀರಂತೆ?’ ಬೆದರಿಕೆ ಎನ್ನಲು ಆ ಮಾತಿನಲ್ಲಿ ಏನೂ ಇಲ್ಲ, ಆದರೆ ಕೇಳಿದವರಿಗೆ ಅರ್ಥವಾಗುತ್ತದೆ. ಸ್ವಲ್ಪ ಹೊತ್ತಿಗೆ ಠಾಣೆಯಿಂದ ಇನ್ನೊಂದು ಫೋನು. ಅವರೂ ನಿಲ್ಲಿಸಿ ಎನ್ನುವುದಿಲ್ಲ. ‘ಪರಿಸ್ಥಿತಿ ನೋಡ್ಕೊಂಡು ಮಾಡಿ’ ಎನ್ನುತ್ತಾರೆ. ಮಾಲೀಕರು ಲೆಕ್ಕ ಹಾಕುತ್ತಾರೆ. ಮುಂದಿನ ಗಾಜು ಒಡೆದರೆ ಇಷ್ಟು, ಪರದೆ ಹರಿದರೆ ಇಷ್ಟು, ಸೀಟು ಕಿತ್ತರೆ ಇಷ್ಟು. ಒಂದು ವಾರದ ಬಾಡಿಗೆ ಅದರ ಮುಂದೆ ಯಾವ ಲೆಕ್ಕ? ಬೆಳಗ್ಗೆ ಹತ್ತೂವರೆಗೆ ಬಂದವರಿಗೆ ಕೌಂಟರಿನ ಸರಳಿನ ಹಿಂದೆ ಒಂದು ಚೀಟಿ ಕಾಣುತ್ತದೆ: ತಾಂತ್ರಿಕ ಕಾರಣದಿಂದ ಪ್ರದರ್ಶನ ಇರುವುದಿಲ್ಲ.

ಇಡೀ ವ್ಯವಹಾರದಲ್ಲಿ ಯಾರೂ ನಿಷೇಧ ಹೊರಡಿಸಿಲ್ಲ. ಪ್ರಶ್ನಿಸೋಣವೆಂದರೆ ಆದೇಶದ ಪ್ರತಿಯೇ ಇಲ್ಲ. ಕೋರ್ಟಿಗೆ ಹೋದರೆ ಸರ್ಕಾರ ‘ನಾವು ತಡೆದಿಲ್ಲ’ ಎನ್ನುತ್ತದೆ, ಸಂಘಟನೆ ‘ನಾವು ಮನವಿ ಮಾಡಿದೆವು’ ಎನ್ನುತ್ತದೆ, ಟಾಕೀಸಿನವರು ‘ನಮ್ಮ ಇಷ್ಟದಿಂದ ತೆಗೆದೆವು’ ಎನ್ನುತ್ತಾರೆ. ಇತ್ತ ಕಾಲ ಓಡುತ್ತಿರುತ್ತದೆ. ಇವತ್ತಿನ ಮಾರುಕಟ್ಟೆಯಲ್ಲಿ ಒಂದು ಚಿತ್ರದ ಗಳಿಕೆಯ ದೊಡ್ಡ ಪಾಲು ಮೊದಲ ಮೂರು ದಿನಗಳಲ್ಲಿ ಬರುತ್ತದೆ. ನ್ಯಾಯಾಲಯಕ್ಕೆ ಎರಡು ವಾರ ಎಂದರೆ ಮಿಂಚಿನ ವೇಗ, ಚಿತ್ರಕ್ಕೆ ಅದು ಇಡೀ ಆಯುಸ್ಸು. ಹೀಗಾಗಿ ಚಿತ್ರವೊಂದನ್ನು ಮುಗಿಸಬೇಕು ಎನ್ನುವವರಿಗೆ ಕೇಸು ಗೆಲ್ಲುವ ಅಗತ್ಯವೇ ಇಲ್ಲ. ಹತ್ತು ಹದಿನೈದು ದಿನ ಎಳೆದರೆ ಸಾಕು.

‘ಥಗ್ ಲೈಫ್’ ಪ್ರಕರಣ ಶುರುವಾದದ್ದು ಚೆನ್ನೈನ ಒಂದು ವೇದಿಕೆಯಲ್ಲಿ. 2025ರ ಮೇ ಕೊನೆಯಲ್ಲಿ ನಡೆದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ, ಎದುರಿಗೇ ಕೂತಿದ್ದ ಶಿವರಾಜ್‌ಕುಮಾರ್ ಅವರನ್ನು ಉದ್ದೇಶಿಸಿ ಮಾತಾಡುತ್ತ, ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬರ್ಥದ ಮಾತು ಆಡಿದರು. ಭಾಷಾಶಾಸ್ತ್ರದ ಪ್ರಕಾರ ಅದು ತಪ್ಪು. ಕನ್ನಡ, ತಮಿಳು ಎರಡೂ ಮೂಲ ದ್ರಾವಿಡದಿಂದ ಕವಲೊಡೆದ ಭಾಷೆಗಳು, ಒಂದು ಇನ್ನೊಂದರ ಮಗಳಲ್ಲ. ಕನ್ನಡಿಗರಿಗೆ ಸಿಟ್ಟು ಬಂದದ್ದು ಸಹಜ, ನನಗೂ ಬಂತು. ಅವರು ಆ ಮಾತನ್ನು ಹಿಂತೆಗೆದುಕೊಳ್ಳಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಆದರೆ ಆ ಸಿಟ್ಟು ಹೋಗಿ ಬಡಿದದ್ದು ಎಲ್ಲಿಗೆ? ಆ ಮಾತಿಗೂ ಮಣಿರತ್ನಂ ನಿರ್ದೇಶಿಸಿದ ಚಿತ್ರಕ್ಕೂ ಸಂಬಂಧವೇ ಇರಲಿಲ್ಲ.

ಕ್ಷಮೆ ಕೇಳದಿದ್ದರೆ ಬಿಡುಗಡೆಗೆ ಅವಕಾಶವಿಲ್ಲ ಎಂದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು. ನಿರ್ಮಾಪಕರು ಹೈಕೋರ್ಟಿಗೆ ಬಂದರು. ಜೂನ್ 3ರ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರೂ ಒಂದು ಕ್ಷಮೆಯಿಂದ ಬಗೆಹರಿಯುತ್ತಿತ್ತಲ್ಲ ಎಂಬ ಮಾತೆತ್ತಿದರು. ಪ್ರಕರಣ ಮುಂದಕ್ಕೆ ಹೋಯಿತು, ಜೂನ್ 5 ದಾಟಿಹೋಯಿತು. ಜೂನ್ 17ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಉಜ್ಜಲ್ ಭುಯಾನ್ ಮತ್ತು ಮನಮೋಹನ್ ಅವರ ಪೀಠ, ಕ್ಷಮೆ ಕೇಳಿ ಎನ್ನುವುದು ಹೈಕೋರ್ಟಿನ ಕೆಲಸವಲ್ಲ, ಬೀದಿಯನ್ನು ಗುಂಪುಗಳ ಕೈಗೆ ಕೊಡಲಾಗದು ಎಂದು ಖಡಾಖಂಡಿತವಾಗಿ ಹೇಳಿತು. ಒಪ್ಪದವರು ಮಾತಿಗೆ ಮಾತಿನಿಂದ ಉತ್ತರ ಕೊಡಲಿ, ಚಿತ್ರ ನೋಡದೆ ಇರಲಿ. ಥಿಯೇಟರ್ ಸುಡುತ್ತೇವೆ ಎನ್ನುವ ಹಾಗಿಲ್ಲ ಎಂಬುದು ಪೀಠದ ನಿಲುವು. ಒಂದೊಂದು ಮಾತೂ ಸರಿ. ಆ ಮಾತು ಬಂದದ್ದು ಹನ್ನೆರಡು ದಿನ ತಡವಾಗಿ.

ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಗದ್ದಲವೆಬ್ಬಿಸಿದ ಪರಭಾಷಾ ಚಿತ್ರಗಳಲ್ಲಿ ಇನ್ನೆರಡನ್ನು ನೆನಪಿಸಿಕೊಳ್ಳಿ. 2017ರ ಏಪ್ರಿಲ್‌ನಲ್ಲಿ ‘ಬಾಹುಬಲಿ 2’ ಬಂದಾಗ ಕಟ್ಟಪ್ಪನ ಪಾತ್ರ ಮಾಡಿದ್ದ ಸತ್ಯರಾಜ್, ಕಾವೇರಿ ವಿಚಾರದಲ್ಲಿ ಒಂಬತ್ತು ವರ್ಷಗಳ ಹಿಂದೆ ಆಡಿದ್ದ ಮಾತು ಮೇಲೆದ್ದಿತು. ಬಿಡುಗಡೆಯ ದಿನವೇ ಬಂದ್ ಎಂಬ ಕರೆ ಬಂತು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ನಿರ್ದೇಶಕ ರಾಜಮೌಳಿ ವಿಡಿಯೊ ಸಂದೇಶ ಕಳಿಸಿ, ಸತ್ಯರಾಜ್ ಈ ಚಿತ್ರದ ಹಲವು ನಟರಲ್ಲಿ ಒಬ್ಬರಷ್ಟೇ, ಚಿತ್ರ ನಿಂತರೆ ಅವರಿಗೇನೂ ನಷ್ಟವಿಲ್ಲ ಎಂದು ಬೇಡಿಕೊಂಡರು. ಕೊನೆಗೆ ಸತ್ಯರಾಜ್ ವಿಷಾದ ಸೂಚಿಸಿದರು, ಚಿತ್ರ ಏಪ್ರಿಲ್ 28ಕ್ಕೆ ಬಂತು. ಮರುವರ್ಷ ‘ಕಾಲಾ’. ಅಲ್ಲಿಯೂ ಕಾವೇರಿ, ಅಲ್ಲಿಯೂ ರಜನಿಕಾಂತ್ ಹೊರಗೆ ಆಡಿದ ಮಾತು. ರಕ್ಷಣೆ ಕೊಡಿ ಎಂದು ಹೈಕೋರ್ಟ್ ಹೇಳಿತು. ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಆದೇಶ ಪಾಲಿಸುವುದಾಗಿ ಹೇಳುತ್ತಲೇ, ಈ ವಾತಾವರಣದಲ್ಲಿ ಬಿಡುಗಡೆ ಮಾಡದಿರುವುದೇ ಒಳ್ಳೆಯದು ಎಂಬ ಸಲಹೆಯನ್ನೂ ಕೊಟ್ಟರು. 2018ರ ಜೂನ್ 7ರಂದು ಚಿತ್ರವೇನೋ ಬಂತು, ಬೆಳಗಿನ ಆಟಗಳು ಹಲವು ಕಡೆ ನಡೆಯಲಿಲ್ಲ.

ಮೂರೂ ಪ್ರಕರಣಗಳಲ್ಲಿ ಚಿತ್ರದೊಳಗೆ ಏನಿದೆ ಎಂಬ ಪ್ರಶ್ನೆಯೇ ಏಳಲಿಲ್ಲ. ಯಾವ ದೃಶ್ಯಕ್ಕೂ ಯಾವ ಸಂಭಾಷಣೆಗೂ ಆಕ್ಷೇಪವಿರಲಿಲ್ಲ. ಒಬ್ಬ ನಟ ಇನ್ನೆಲ್ಲೋ ಆಡಿದ ಮಾತಿಗೆ ಚಿತ್ರವನ್ನು ಒತ್ತೆ ಇಟ್ಟುಕೊಳ್ಳಲಾಯಿತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 5ಬಿ ಕಲಮು ಪ್ರಮಾಣಪತ್ರ ನಿರಾಕರಿಸಲು ಇರುವ ಕಾರಣಗಳನ್ನು ಒಂದೊಂದಾಗಿ ಹೇಳುತ್ತದೆ: ದೇಶದ ಸಾರ್ವಭೌಮತೆ ಮತ್ತು ಸಮಗ್ರತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನೈತಿಕತೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ. ನಟ ವೇದಿಕೆಯಲ್ಲಿ ಏನಂದ ಎಂಬುದು ಆ ಪಟ್ಟಿಯಲ್ಲಿಲ್ಲ. ಇರಲೂ ಬಾರದು. ಸೆಟ್ ಹಾಕಿದ ಬಡಗಿ, ಲೈಟ್ ಹಿಡಿದ ಹುಡುಗ, ಇಲ್ಲಿ ಚಿತ್ರ ಕೊಂಡ ಕನ್ನಡಿಗ ಹಂಚಿಕೆದಾರ ಇವರಾರೂ ಆ ಮಾತು ಆಡಿದವರಲ್ಲ.

ವಾಣಿಜ್ಯ ಮಂಡಳಿಗೆ ಈ ಬಲ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಅದು ನಿರ್ಮಾಪಕರು, ಹಂಚಿಕೆದಾರರು, ಪ್ರದರ್ಶಕರು ಸೇರಿ ಕಟ್ಟಿಕೊಂಡ ವ್ಯಾಪಾರಿ ಸಂಘ. ಚಿತ್ರವನ್ನು ತಡೆಯುವ ಅಧಿಕಾರವನ್ನು ಯಾವ ಕಾನೂನೂ ಅದಕ್ಕೆ ಕೊಟ್ಟಿಲ್ಲ. ಆದರೆ ಚಿತ್ರ ಕೊಳ್ಳುವವರು, ತೋರಿಸುವವರು ಎಲ್ಲ ಅದರ ಸದಸ್ಯರೇ ಆಗಿರುವಾಗ ಗಾಂಧಿನಗರದಲ್ಲಿ ಅದರ ಮಾತೇ ಶಾಸನ. ಡಬ್ಬಿಂಗ್ ಚಿತ್ರಗಳು ದಶಕಗಳ ಕಾಲ ಇಲ್ಲಿಗೆ ಬರದೇ ಇದ್ದದ್ದೂ ಇದೇ ಬಗೆಯ ಬಾಯಿಮಾತಿನ ಕಟ್ಟುಪಾಡಿನಿಂದ. 2015ರಲ್ಲಿ ಸ್ಪರ್ಧಾ ಆಯೋಗ ಅದನ್ನು ಅಕ್ರಮ ಎಂದು ದಂಡ ಹಾಕಬೇಕಾಯಿತು. ಡಬ್ಬಿಂಗ್ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಬರೆಯದ ನಿಷೇಧ ಎಷ್ಟು ಗಟ್ಟಿ ಎಂಬುದಕ್ಕೆ ಅದೊಂದು ಪುರಾವೆ.

ಇದು ಹೊಸ ಕಾಲದ ಕಾಯಿಲೆಯೇ? ನಮ್ಮದೇ ‘ಸಂಸ್ಕಾರ’ವನ್ನು ನೋಡೋಣ. ಯು.ಆರ್. ಅನಂತಮೂರ್ತಿ ಅವರ 1965ರ ಕಾದಂಬರಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದವರು ಗಿರೀಶ ಕಾರ್ನಾಡ. ನಿರ್ದೇಶನ ಪಟ್ಟಾಭಿರಾಮ ರೆಡ್ಡಿ ಅವರದು. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ ಚಿತ್ರೀಕರಣ. ಅಗ್ರಹಾರದಲ್ಲಿ ಒಂದು ಹೆಣ ಬಿದ್ದಿದೆ. ಸತ್ತವನು ಬದುಕಿದ್ದಾಗ ಮಾಂಸ ತಿಂದವನು, ಹೆಂಡ ಕುಡಿದವನು, ಆಚಾರ ಧಿಕ್ಕರಿಸಿದವನು. ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ, ಎತ್ತಲು ಯಾರೂ ಮುಂದೆ ಬರುವುದಿಲ್ಲ. ಹೊತ್ತು ಏರಿದಂತೆ ನಾತ ಏರುತ್ತದೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣ ಸಮುದಾಯದ ಭಾವನೆಗೆ ಪೆಟ್ಟಾಗುತ್ತದೆ ಎಂದು ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆ ತಡೆಯನ್ನು ತೆಗೆಯಿತು. 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸ್ವರ್ಣಕಮಲ.

ಅಂದು ತಡೆದವರು ಯಾರು, ಕಾರಣವೇನು ಎಂಬುದು ಕಾಗದದಲ್ಲಿತ್ತು. ಹಾಗಾಗಿ ಮೇಲೆ ಹೋಗಿ ಆ ಕಾಗದವನ್ನು ರದ್ದು ಮಾಡಿಸಬಹುದಿತ್ತು. ಇವತ್ತು ಅದೇ ಚಿತ್ರ ಬಂದಿದ್ದರೆ ಪ್ರಮಾಣಪತ್ರ ಸಿಗುತ್ತಿತ್ತೇನೋ. ಬಿಡುಗಡೆಯ ಹಿಂದಿನ ರಾತ್ರಿ ಟಾಕೀಸಿನವರಿಗೆ ಆ ಫೋನು ಬರುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಅದೇ 1970ರಲ್ಲಿ ಕೆ.ಎ. ಅಬ್ಬಾಸ್ ತಮ್ಮ ‘ಎ ಟೇಲ್ ಆಫ್ ಫೋರ್ ಸಿಟೀಸ್’ ಸಾಕ್ಷ್ಯಚಿತ್ರದ ನೆಪದಲ್ಲಿ ಪೂರ್ವಸೆನ್ಸಾರನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಪುಸ್ತಕಕ್ಕಿಲ್ಲದ ಪೂರ್ವಪರಿಶೀಲನೆ ಸಿನಿಮಾಕ್ಕೇಕೆ ಎಂಬುದು ವಾದ. ಸಿನಿಮಾ ಮನಸ್ಸನ್ನು ಹೆಚ್ಚು ತೀವ್ರವಾಗಿ ತಟ್ಟುತ್ತದೆ, ಆದ್ದರಿಂದ ಅದನ್ನು ಬೇರೆಯಾಗಿ ಕಾಣಬಹುದು ಎಂದು ನ್ಯಾಯಾಲಯ ಸೆನ್ಸಾರನ್ನು ಎತ್ತಿಹಿಡಿಯಿತು. ನನಗೆ ಪೂರ್ತಿ ಒಪ್ಪಿಗೆಯಾಗದ ತೀರ್ಪು ಅದು. ಆದರೂ ಅದರಿಂದ ಒಂದು ಒಪ್ಪಂದ ಹುಟ್ಟಿತು ಎನ್ನಬಹುದು. ಪ್ರದರ್ಶನಕ್ಕೆ ಮೊದಲೇ ಪರಿಣತರ ಮಂಡಳಿ ಚಿತ್ರ ನೋಡುತ್ತದೆ, ಕತ್ತರಿ ಹಾಕುತ್ತದೆ, ವಯಸ್ಸಿನ ಗೆರೆ ಎಳೆಯುತ್ತದೆ. ಆ ಬೆಲೆ ತೆತ್ತ ಮೇಲೆ ಚಿತ್ರಕ್ಕೆ ದಾರಿ ಬಿಡಬೇಕು.

ಈ ಎರಡನೆಯ ಅರ್ಧವನ್ನು ಗಟ್ಟಿಮಾಡಿದ ಎರಡು ತೀರ್ಪುಗಳಿಗೂ ಕರ್ನಾಟಕದ ನಂಟಿದೆ. ಮೊದಲನೆಯದು 1989ರ ರಂಗರಾಜನ್ ಪ್ರಕರಣ. ಮೀಸಲಾತಿ ಪದ್ಧತಿಯನ್ನು ಟೀಕಿಸುವ ‘ಒರೇ ಒರು ಗ್ರಾಮತ್ತಿಲೆ’ ಎಂಬ ತಮಿಳು ಚಿತ್ರ. ಮದ್ರಾಸ್ ಹೈಕೋರ್ಟ್ ಅದರ ಪ್ರಮಾಣಪತ್ರವನ್ನೇ ರದ್ದು ಮಾಡಿತ್ತು. ಚಿತ್ರ ತೋರಿಸಿದರೆ ಗಲಭೆಯಾಗುತ್ತದೆ ಎಂಬುದು ತಮಿಳುನಾಡು ಸರ್ಕಾರದ ವಾದ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ. ಜಗನ್ನಾಥ ಶೆಟ್ಟಿ ಅವರು ಸುಪ್ರೀಂ ಕೋರ್ಟಿನಲ್ಲಿ ಈ ತೀರ್ಪು ಬರೆದರು. ಮೆರವಣಿಗೆಯ, ಹಿಂಸೆಯ ಬೆದರಿಕೆಗೆ ಹೆದರಿ ಅಭಿವ್ಯಕ್ತಿಯನ್ನು ಅದುಮಿದರೆ ಅದು ಬ್ಲ್ಯಾಕ್‌ಮೇಲ್‌ಗೆ ಶರಣಾದಂತೆ ಎಂದರು. ಮಾತಿಗೂ ಅಪಾಯಕ್ಕೂ ನಡುವಿನ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ನೇರವಾಗಿರಬೇಕು, ಎಲ್ಲೋ ಏನೋ ಆದೀತು ಎಂಬ ಊಹೆ ಸಾಲದು ಎಂಬುದು ಆ ತೀರ್ಪಿನ ತಿರುಳು. ಆ ಚಿತ್ರದ ವಾದವನ್ನು ನಾನು ಒಪ್ಪುವುದಿಲ್ಲ. ಅದನ್ನು ತೋರಿಸುವ ಹಕ್ಕನ್ನು ಒಪ್ಪುತ್ತೇನೆ.

ಎರಡನೆಯದರ ಬಗ್ಗೆ ಕನ್ನಡಿಗರಿಗೇ ಹೆಚ್ಚು ಗೊತ್ತಿಲ್ಲ ಎಂಬುದು ನನ್ನ ಕೊರಗು. ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪ ಕರ್ನಾಟಕ ಹೈಕೋರ್ಟಿನಲ್ಲಿ ಒಂದು ಪ್ರಶ್ನೆ ಎತ್ತಿದರು: ಪ್ರಮಾಣೀಕರಣದ ಮೇಲ್ಮನವಿ ನ್ಯಾಯಮಂಡಳಿ ನಿರ್ಧಾರ ಕೊಟ್ಟಾದ ಮೇಲೂ ಕೇಂದ್ರ ಸರ್ಕಾರ ಅದನ್ನು ತಲೆಕೆಳಗು ಮಾಡುವಂತಿದ್ದರೆ ನ್ಯಾಯಮಂಡಳಿ ಯಾಕೆ ಬೇಕು? ಹೈಕೋರ್ಟ್ 1990ರಲ್ಲಿ ಆ ಅಧಿಕಾರವನ್ನು ಹೊಡೆದುಹಾಕಿತು. ಕೇಂದ್ರ ಮೇಲ್ಮನವಿ ಹೋಯಿತು. 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕನ್ನಡಿಗನ ಪರವಾಗಿಯೇ ನಿಂತಿತು. ಪರಿಣತರು ನೋಡಿ ಒಪ್ಪಿದ ಚಿತ್ರವನ್ನು ಸುವ್ಯವಸ್ಥೆ ಕೆಡುತ್ತದೆ ಎಂಬ ನೆಪದಲ್ಲಿ ತಡೆಯಲಾಗದು, ಸುವ್ಯವಸ್ಥೆ ಕಾಯುವುದು ಸರ್ಕಾರದ ಹೊಣೆ ಎಂದಿತು. 2021ರಲ್ಲಿ ಕೇಂದ್ರ ಒಂದು ಕರಡು ಮಸೂದೆಯ ಮೂಲಕ ಆ ಅಧಿಕಾರವನ್ನು ಮತ್ತೆ ತರಲು ನೋಡಿತು. ಚಿತ್ರರಂಗ ಗಟ್ಟಿಯಾಗಿ ವಿರೋಧಿಸಿತು, 2023ರ ತಿದ್ದುಪಡಿ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ.

ಕಾಗದದ ಮೇಲೆ ಇದಕ್ಕಿಂತ ಗಟ್ಟಿ ರಕ್ಷಣೆ ಬೇಕೆ? ಈಗ ನೆಲದ ಮೇಲೆ ಏನಾಗುತ್ತದೆ ನೋಡಿ.

‘ಪದ್ಮಾವತ್’ ಚಿತ್ರದ ಸೆಟ್ ಮೇಲೆ ದಾಳಿಯಾದದ್ದು 2017ರ ಜನವರಿಯಲ್ಲಿ, ಚಿತ್ರೀಕರಣ ಇನ್ನೂ ನಡೆಯುತ್ತಿದ್ದಾಗ. ರಜಪೂತ ರಾಣಿ ಪದ್ಮಾವತಿ ಮತ್ತು ಅಲ್ಲಾವುದ್ದೀನ್ ಖಿಲ್ಜಿಯ ನಡುವೆ ಕನಸಿನ ಪ್ರಣಯ ದೃಶ್ಯವಿದೆ ಎಂಬ ಗಾಳಿಮಾತು ಅದಕ್ಕೆ ಕಾರಣ. ವರ್ಷವಿಡೀ ಹೊಗೆಯಾಡಿತು. ನಮ್ಮ ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಪಡುಕೋಣೆಗೆ ಬಹಿರಂಗವಾಗಿ ಬೆದರಿಕೆ ಹಾಕಲಾಯಿತು. ಸೆನ್ಸಾರ್ ಮಂಡಳಿ ಇತಿಹಾಸಕಾರರನ್ನು ಕೂರಿಸಿ ಚಿತ್ರ ತೋರಿಸಿತು, ‘ಪದ್ಮಾವತಿ’ ಎಂಬ ಹೆಸರನ್ನೂ ಬದಲಿಸಿತು. ಪ್ರಮಾಣಪತ್ರ ಬಂದ ಮೇಲೂ ನಾಲ್ಕು ರಾಜ್ಯಗಳು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ 2018ರ ಜನವರಿ 18ರಂದು ನಿಷೇಧಕ್ಕೆ ತಡೆ ಕೊಟ್ಟಿತು. ಬಿಡುಗಡೆಯ ಮುನ್ನಾದಿನ ಗುರುಗ್ರಾಮದಲ್ಲಿ ಶಾಲಾ ಮಕ್ಕಳಿದ್ದ ಬಸ್ಸಿಗೆ ಕಲ್ಲು ಬಿತ್ತು. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ತೋರಿಸುವುದಿಲ್ಲ ಎಂದು ಮಲ್ಟಿಪ್ಲೆಕ್ಸ್ ಮಾಲೀಕರ ಸಂಘವೇ ಹೇಳಿಬಿಟ್ಟಿತು. ಚಿತ್ರ ಬಂದ ಮೇಲೆ ಜನ ನೋಡಿದರು, ಆ ಕನಸಿನ ದೃಶ್ಯ ಅಲ್ಲಿರಲೇ ಇಲ್ಲ. ಪ್ರತಿಭಟಿಸಿದ್ದ ರಜಪೂತ ಸಂಘಟನೆ ಕರ್ಣಿ ಸೇನೆಯ ಒಂದು ಬಣ ಕೆಲವೇ ದಿನಗಳಲ್ಲಿ, ಇದು ರಜಪೂತರನ್ನು ಹೊಗಳುವ ಚಿತ್ರ ಎಂದು ಹೇಳಿತು. ಆ ಬಸ್ಸಿನ ಸೀಟುಗಳ ನಡುವೆ ಮುದುಡಿ ಕೂತ ಮಕ್ಕಳ ವಿಡಿಯೊ ನೋಡಿದ ಯಾರಿಗೂ ಅದು ಮರೆತುಹೋಗುವಂಥದ್ದಲ್ಲ.

ಪದ್ಮಾವತ್‌ಗಿಂತ ನನಗೆ ಮುಖ್ಯವೆನಿಸುವುದು ಬಂಗಾಳದ ಒಂದು ಪುಟ್ಟ ಚಿತ್ರದ ಕಥೆ. ಅನೀಕ್ ದತ್ತ ನಿರ್ದೇಶನದ ‘ಭವಿಷ್ಯೊತೇರ್ ಭೂತ್’, ರಾಜಕೀಯ ವಿಡಂಬನೆ. ಬಿಡುಗಡೆಗೆ ಕೆಲವು ದಿನ ಮುಂಚೆ, ಹಿರಿಯ ಅಧಿಕಾರಿಗಳಿಗೆ ಚಿತ್ರವನ್ನು ಮೊದಲು ತೋರಿಸಿ ಎಂದು ಪೊಲೀಸ್ ಇಲಾಖೆಯಿಂದ ನಿರ್ಮಾಪಕರಿಗೆ ಪತ್ರ ಹೋಯಿತು. ಪ್ರಮಾಣಪತ್ರವಿದೆ, ತೋರಿಸುವ ಅಗತ್ಯವಿಲ್ಲ ಎಂದು ಅವರು ಉತ್ತರಿಸಿದರು. 2019ರ ಫೆಬ್ರುವರಿ 15ರಂದು ಚಿತ್ರ ತೆರೆಗೆ ಬಂತು. ಮರುದಿನವೇ ಹೆಚ್ಚಿನ ಟಾಕೀಸುಗಳಿಂದ ಮಾಯವಾಯಿತು. ಟಿಕೆಟ್ ಕೊಂಡಿದ್ದವರು ಕೇಳಿದರೆ ‘ಮೇಲಿನಿಂದ ಹೇಳಿದ್ದಾರೆ’ ಎಂಬ ಉತ್ತರ. ಯಾವ ಮೇಲೆ, ಯಾರು, ಯಾವ ಆದೇಶ ಎಂಬುದಕ್ಕೆ ದಾಖಲೆಯೇ ಇಲ್ಲ. ಅದೇ ಏಪ್ರಿಲ್ 11ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಪಶ್ಚಿಮ ಬಂಗಾಳ ಸರ್ಕಾರಕ್ಕೆ 20 ಲಕ್ಷ ರೂಪಾಯಿ ಪರಿಹಾರ, ಮೇಲೆ 1 ಲಕ್ಷ ವೆಚ್ಚ ಕೊಡುವಂತೆ ಹೇಳಿತು. ಕಳೆದುಹೋದ ಶುಕ್ರವಾರಗಳಿಗೂ ಬೆಲೆಯಿದೆ, ಅದನ್ನು ಸರ್ಕಾರ ತೆರಬೇಕು ಎಂದು ನ್ಯಾಯಾಲಯ ಹೇಳಿದ ಅಪರೂಪದ ಪ್ರಕರಣ ಇದು.

ತಡೆಯುವ ಚಟಕ್ಕೆ ಪಕ್ಷಭೇದವಿಲ್ಲ. 2023ರ ಮೇ ತಿಂಗಳಲ್ಲಿ ‘ದಿ ಕೇರಳ ಸ್ಟೋರಿ’ ಬಂದ ಮೂರೇ ದಿನಕ್ಕೆ ಪಶ್ಚಿಮ ಬಂಗಾಳ ಅದನ್ನು ನಿಷೇಧಿಸಿತು. ತಮಿಳುನಾಡಿನಲ್ಲಿ ಟಾಕೀಸಿನವರೇ ತೆಗೆದರು. ಜನ ಬರಲಿಲ್ಲ, ಅದಕ್ಕೆ ತೆಗೆದರು ಎಂದು ಸರ್ಕಾರ ಕೋರ್ಟಿಗೆ ಹೇಳಿತು. 2024ರ ಜೂನ್‌ನಲ್ಲಿ ‘ಹಮಾರೆ ಬಾರಹ್’ ಚಿತ್ರವನ್ನು ಎರಡು ವಾರ ತಡೆಹಿಡಿದದ್ದು ನಮ್ಮ ಕರ್ನಾಟಕ ಸರ್ಕಾರ, 1964ರ ರಾಜ್ಯ ಸಿನಿಮಾ ನಿಯಂತ್ರಣ ಕಾಯ್ದೆಯ ಬಲದಿಂದ. ಆಮೇಲೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಆ ಚಿತ್ರ ನೋಡಿದರು, ಕೆಲವು ಭಾಗ ಕತ್ತರಿಸಿ ಬಿಡುಗಡೆಗೆ ಒಪ್ಪಿದರು.

ಕೇರಳ ಸ್ಟೋರಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕೇರಳದ 32,000 ಹೆಣ್ಣುಮಕ್ಕಳು ಮತಾಂತರಗೊಂಡು ಕಾಣೆಯಾದರು ಎಂದು ಅದರ ಪ್ರಚಾರದಲ್ಲಿ ಹೇಳಲಾಯಿತು. ಅದಕ್ಕೆ ಆಧಾರವಿರಲಿಲ್ಲ. ಒಂದು ಇಡೀ ಸಮುದಾಯದ ಮೇಲೆ, ಒಂದು ರಾಜ್ಯದ ಮೇಲೆ ಅನುಮಾನ ಹರಡುವ ಅಂಕಿಯನ್ನು ಸತ್ಯಕಥೆಯ ಹೆಸರಿನಲ್ಲಿ ಹೇಳುವುದು ಗಂಭೀರ ತಪ್ಪು. ಇಂಥದ್ದಕ್ಕೆ ಏನು ಮಾಡಬೇಕು? ಸುಪ್ರೀಂ ಕೋರ್ಟ್ ಮೇ 18ರಂದು ಕಂಡುಕೊಂಡ ದಾರಿ ನನಗೆ ಹಿಡಿಸಿತು. ನಿಷೇಧಕ್ಕೆ ತಡೆ ಕೊಟ್ಟಿತು. ಜೊತೆಗೆ ಆ ಅಂಕಿಗೆ ಅಧಿಕೃತ ದಾಖಲೆ ಇಲ್ಲ, ಇದು ಕಲ್ಪಿತ ಕಥನ ಎಂಬ ಬರಹವನ್ನು ಚಿತ್ರಕ್ಕೆ ಸೇರಿಸಲು ಹೇಳಿತು. ಪ್ರೇಕ್ಷಕ ಚಿತ್ರವನ್ನೂ ನೋಡಿದ, ಅದರ ಸುಳ್ಳನ್ನೂ ತಿಳಿದ. ಬಂಗಾಳದ ನಿಷೇಧ ಇಂಥ ಒಂದು ಸಾಲನ್ನೂ ಯಾರಿಗೂ ತಿಳಿಸಲಿಲ್ಲ.

ಇನ್ನು ಸದ್ದಿಲ್ಲದ ಕತ್ತರಿ. 2021ರ ಫೆಬ್ರುವರಿ 19ರಂದು ‘ಪೊಗರು’ ಬಂತು. ಹೋಮದ ದೃಶ್ಯವೊಂದರಲ್ಲಿ ಪುರೋಹಿತರ ಹೆಗಲ ಮೇಲೆ ಕಾಲಿಡುವ ಚಿತ್ರಣಕ್ಕೆ ಬ್ರಾಹ್ಮಣ ಸಂಘಟನೆಗಳು ಬೀದಿಗಿಳಿದವು. ನನಗೂ ಆ ದೃಶ್ಯ ಅನಗತ್ಯ, ಅಸಹ್ಯ ಅನಿಸಿತು. ಮಾತುಕತೆ ನಡೆಯಿತು, ಕ್ಷಮೆ ಕೇಳಿದ್ದಾಯಿತು, ಓಡುತ್ತಿದ್ದ ಚಿತ್ರದಿಂದ ಹಲವು ದೃಶ್ಯಗಳು ಕಳಚಿದವು. 2025ರ ಮಾರ್ಚ್‌ನಲ್ಲಿ ಮಲಯಾಳದ ‘ಎಂಪುರಾನ್’ಗೂ ಹೀಗೇ ಆಯಿತು. ಗುಜರಾತ್ ಗಲಭೆಯನ್ನು ನೆನಪಿಸುವ ಭಾಗಗಳಿಗೆ ಆಕ್ಷೇಪ ಬಂದು, ಬಿಡುಗಡೆಯಾದ ವಾರದೊಳಗೆ 24 ಕಡೆ ಕತ್ತರಿ ಬಿತ್ತು, ಖಳನ ಹೆಸರು ಬದಲಾಯಿತು, ಮೋಹನ್‌ಲಾಲ್ ವಿಷಾದ ಹೇಳಿದರು. ಒಂದು ಪ್ರಕರಣದಲ್ಲಿ ಆಕ್ಷೇಪ ನನಗೆ ನ್ಯಾಯವೆನಿಸುತ್ತದೆ, ಇನ್ನೊಂದರಲ್ಲಿ ಅನ್ಯಾಯವೆನಿಸುತ್ತದೆ. ನಿಮಗೆ ತಿರುಗುಮುರುಗಾಗಿ ಅನಿಸಬಹುದು. ಎರಡರಲ್ಲೂ ಆದದ್ದು ಒಂದೇ: ಪ್ರಮಾಣಪತ್ರ ಪಡೆದು ತೆರೆಗೆ ಬಂದ ಚಿತ್ರ ಕೆಲವೇ ದಿನಗಳಲ್ಲಿ ಬೇರೆ ಚಿತ್ರವಾಗಿತ್ತು. ಮುಂದಿನ ಸಲ ಬರೆಯಲು ಕೂತ ಲೇಖಕ ಇದನ್ನು ನೆನಪಿಟ್ಟುಕೊಂಡೇ ಪೆನ್ನು ಹಿಡಿಯುತ್ತಾನೆ. ಅಲ್ಲಿ ಹೊಡೆದುಹಾಕಿದ ಸಾಲುಗಳ ಲೆಕ್ಕ ಯಾವ ಕೋರ್ಟಿಗೂ ಬರುವುದಿಲ್ಲ.

ದೊಡ್ಡ ಚಿತ್ರಗಳಿಗೆ ದೆಹಲಿಯ ವಕೀಲರು ಸಿಗುತ್ತಾರೆ. ಮನೆ ಅಡವಿಟ್ಟು ಚಿತ್ರ ಮಾಡಿದವರ ಗತಿ? ಸೆನ್ಸಾರ್ ಮಂಡಳಿಯ ನಿರ್ಧಾರದ ವಿರುದ್ಧ ಮೊದಲು ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು. ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಚಿತ್ರಕ್ಕೆ ಮಂಡಳಿ ಪ್ರಮಾಣಪತ್ರ ನಿರಾಕರಿಸಿದಾಗ 2017ರಲ್ಲಿ ದಾರಿ ಮಾಡಿಕೊಟ್ಟದ್ದು ಅದೇ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಆ ನ್ಯಾಯಮಂಡಳಿಯನ್ನೇ ತೆಗೆದುಹಾಕಿತು. ಈಗ ನೇರ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಸಾವಿರಾರು ಕಡತಗಳ ನಡುವೆ ಒಂದು ಸಿನಿಮಾದ ಕಡತ. ಬಡ್ಡಿ ದಿನದಿನವೂ ಏರುತ್ತಿರುವಾಗ ನಿರ್ಮಾಪಕ ವಾದಕ್ಕಿಳಿಯುವುದಿಲ್ಲ. ಹೇಳಿದಲ್ಲೆಲ್ಲ ಕತ್ತರಿಸಿ, ಸಿಕ್ಕ ದಿನ ಬಿಡುಗಡೆ ಮಾಡುತ್ತಾನೆ. ಶಂಕರಪ್ಪನವರು ಹೋರಾಡಿ ಉಳಿಸಿದ್ದು ಆ ನ್ಯಾಯಮಂಡಳಿಯ ಮಾತಿನ ಬೆಲೆಯನ್ನು. ಬೆಲೆಯ ಕುರಿತ ತೀರ್ಪು ಪುಸ್ತಕದಲ್ಲಿ ಉಳಿದಿದೆ, ನ್ಯಾಯಮಂಡಳಿಯೇ ಇಲ್ಲ.

ನೋವಾದವರ ಕಡೆಯ ಮಾತನ್ನೂ ಕೇಳಬೇಕು. ನೂರಾರು ವರ್ಷ ಅವಮಾನ ಉಂಡ ಸಮುದಾಯ ತೆರೆಯ ಮೇಲೆ ಮತ್ತೊಮ್ಮೆ ನಗೆಪಾಟಲಾದಾಗ ಸುಮ್ಮನಿರು ಎನ್ನಲು ಬಾಯಿ ಬರುವುದಿಲ್ಲ. ಪ್ರತಿಭಟನೆ ಅವರ ಹಕ್ಕು, ಬಹಿಷ್ಕಾರವೂ ಹಕ್ಕು. ಟಾಕೀಸಿನ ಎದುರಿನ ರಸ್ತೆಯಲ್ಲಿ ಭಿತ್ತಿಪತ್ರ ಹಿಡಿದು ನಿಂತು, ಒಳಗೆ ಹೋಗುವವನನ್ನು ತಡೆದು ಮಾತಾಡಿಸಿ, ಯಾಕೆ ನೋಡಬಾರದು ಎಂದು ವಾದಿಸಲಿ. ನಾನು ಅಂಥ ವಾದ ಕೇಳಿ ಮನಸ್ಸು ಬದಲಿಸಿದ್ದುಂಟು. ಆದರೆ ಅವನ ಕೈಯಲ್ಲಿರುವ ಟಿಕೆಟ್ ಹರಿಯುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ನಿಂತ ಪೊಲೀಸರ ಕೆಲಸ ಎರಡೂ ಕಡೆಯವರನ್ನು ಕಾಯುವುದು.

ಹಾಗಾದರೆ ಬದಲಾಗಬೇಕಾದದ್ದು ಯಾವುದು? ಸಂವಿಧಾನದ ಮೇಲೆ ಇನ್ನೊಂದು ಭಾಷಣ ಬೇಡ, ಟಾಕೀಸಿನ ಮಾಲೀಕನ ಲೆಕ್ಕ ಬದಲಾಗಲಿ. ಪ್ರಮಾಣಪತ್ರವಿರುವ ಚಿತ್ರಕ್ಕೆ ಬೆದರಿಕೆ ಬಂದಾಗ ಕೋರ್ಟ್ ಹೇಳುವವರೆಗೆ ಕಾಯದೆ ರಕ್ಷಣೆಯ ಆದೇಶ ಬುಧವಾರವೇ ಠಾಣೆಗೆ ತಲುಪಬೇಕು. ಠಾಣೆಯ ಸಲಹೆ ಏನಿದ್ದರೂ ಬರಹದಲ್ಲಿರಬೇಕು, ಹೇಳಿದವರ ಸಹಿ ಇರಬೇಕು. ಗಾಜು ಒಡೆದರೆ ಮೊದಲು ಸರ್ಕಾರ ಕಟ್ಟಿಕೊಡಲಿ, ಆಮೇಲೆ ಒಡೆದವರಿಂದ ವಸೂಲು ಮಾಡಲಿ. ಮೇಲ್ಮನವಿ ನ್ಯಾಯಮಂಡಳಿ ಮರಳಿ ಬರಲಿ, ಬಿಡುಗಡೆಯ ದಿನಾಂಕ ನೋಡಿ ತೀರ್ಮಾನ ಕೊಡುವಂಥ ಗಡುವಿನೊಂದಿಗೆ. ಬಂಗಾಳದ ಪ್ರಕರಣದಲ್ಲಿ ಕೊಡಿಸಿದ ಪರಿಹಾರ ಅಪರೂಪವಾಗಿ ಉಳಿಯದೆ ರೂಢಿಯಾದರೆ, ಸುಮ್ಮನೆ ನಿಂತು ನೋಡುವುದು ಸರ್ಕಾರಗಳಿಗೂ ದುಬಾರಿಯಾಗುತ್ತದೆ.

‘ಥಗ್ ಲೈಫ್’ಗಾಗಿ ಸುಪ್ರೀಂ ಕೋರ್ಟಿನಿಂದ ಆ ಆದೇಶ ತಂದದ್ದು ಕಮಲ್ ಹಾಸನ್ ಅಲ್ಲ, ನಿರ್ಮಾಣ ಸಂಸ್ಥೆಯೂ ಅಲ್ಲ. ಬೆಂಗಳೂರಿನ ಒಬ್ಬ ನಿವಾಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ಅವರಿಗೆ ಆದೇಶ ಸಿಕ್ಕಿತು, ಟಾಕೀಸು ಸಿಗಲಿಲ್ಲ. ಜುಲೈ 3ರಂದು ಅದೇ ಚಿತ್ರ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಚಂದಾ ಕಟ್ಟಿದ್ದವರು ಬೆಂಗಳೂರಿನಲ್ಲೂ ಬೆಳಗಾವಿಯಲ್ಲೂ ಮನೆಯಲ್ಲಿ ಕೂತು ನೋಡಿದರು. ಅವತ್ತು ಯಾವ ಠಾಣೆಯಿಂದಲೂ ಯಾರ ಮನೆಗೂ ಫೋನು ಹೋಗಲಿಲ್ಲ.